ಹಳೆಯ ನಶೆ, ಹೊಸ ನಾಮಪತ್ರ

ಮಂಗಳೂರಿನ ಪತ್ರಿಕೆಗಳ ಒಳಪುಟದಲ್ಲಿ ಒಂದು ಬಗೆಯ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ‘ಮಾದಕ ವಸ್ತು ಸೇವನೆ: ಇಬ್ಬರು ವಶಕ್ಕೆ’ ಎಂಬಂಥ ತಲೆಬರಹ, ಕೆಳಗೆ ನಾಲ್ಕೈದು ಸಾಲು. ಸಾರ್ವಜನಿಕ ಸ್ಥಳದಲ್ಲಿ ತೂರಾಡುತ್ತಿದ್ದವರನ್ನು ಪೊಲೀಸರು ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿಸಿದಾಗ ಗಾಂಜಾ ಸೇವಿಸಿರುವುದು ದೃಢಪಟ್ಟಿದೆ, ಪ್ರಕರಣ ದಾಖಲಾಗಿದೆ. ಜೊತೆಗೆ ಹೆಸರು, ವಯಸ್ಸು, ಊರು. ಪತ್ರಿಕೆ ಮರುದಿನ ರದ್ದಿಗೆ ಹೋಗುತ್ತದೆ, ಅದೇ ಸುದ್ದಿ ಜಾಲತಾಣದಲ್ಲಿ ಹಾಗೇ ಉಳಿಯುತ್ತದೆ. ಹದಿನೈದು ವರ್ಷ ಕಳೆದು ಆ ಹುಡುಗ ಪಂಚಾಯಿತಿಗೋ ಪಾಲಿಕೆಗೋ ವಿಧಾನಸಭೆಗೋ ನಿಂತರೆ, ಎದುರು ಪಕ್ಷದವರು ಅದನ್ನು ಹುಡುಕಿ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಡಲು ಹೆಚ್ಚು ಹೊತ್ತು ಬೇಡ.

ಆಗ ಮತದಾರ ಏನು ಮಾಡಬೇಕು? ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಎಂದೋ ಸೇದಿದ್ದು, ನುಂಗಿದ್ದು, ಅಷ್ಟಕ್ಕೇ ಒಬ್ಬರನ್ನು ತಳ್ಳಿಹಾಕಬಾರದು. ಹಾಗೆಂದು ‘ಹಳೇ ಕಥೆ, ಬಿಡಿ’ ಎಂದು ಕಣ್ಣು ಮುಚ್ಚಿಕೊಳ್ಳಲೂ ಬಾರದು. ಸೇವಿಸಿದವರಿಗೂ ಮಾರಿದವರಿಗೂ, ಬಿಟ್ಟವರಿಗೂ ಬಿಡದವರಿಗೂ, ಹೇಳಿಕೊಂಡವರಿಗೂ ಪ್ರಮಾಣ ಮಾಡಿ ಸುಳ್ಳು ಬರೆದವರಿಗೂ ಇರುವ ಅಂತರವನ್ನು ತೂಗಿ ನೋಡಬೇಕು. ಆ ಅಂತರ ಬಹುಪಾಲು ಕಾಗದಪತ್ರದಲ್ಲೇ ಕಾಣುತ್ತದೆ, ಕಾಗದಪತ್ರ ಎಲ್ಲರಿಗೂ ತೆರೆದಿದೆ. ಆದರೆ ಆ ಕಾಗದ ಓದುವ ಮೊದಲು ಕಾನೂನು ಏನು ಹೇಳುತ್ತದೆಂದು ತಿಳಿಯಬೇಕು, ಏಕೆಂದರೆ ಮತದಾರ ತೀರ್ಮಾನಿಸುವ ಮೊದಲೇ ಕಾನೂನು ತನ್ನ ತೀರ್ಮಾನ ಹೇಳಿಬಿಟ್ಟಿರುತ್ತದೆ, ಅದೂ ಬಹಳ ಒರಟಾಗಿ.

1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ ಯಾರು ಚುನಾವಣೆಗೆ ನಿಲ್ಲಬಾರದು ಎಂದು ಹೇಳುತ್ತದೆ. ಅದರ 3ನೇ ಉಪವಿಧಿ ಸಾಮಾನ್ಯ ನಿಯಮ: ಯಾವ ಅಪರಾಧವೇ ಆಗಲಿ, ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆಯಾದರೆ ಅಂದಿನಿಂದ ಅನರ್ಹ, ಬಿಡುಗಡೆಯಾದ ಮೇಲೂ ಆರು ವರ್ಷ ಅನರ್ಹ. 1ನೇ ಉಪವಿಧಿ ಇನ್ನೂ ಕಠಿಣ. ಅಲ್ಲಿ ಕೆಲವು ಕಾಯ್ದೆಗಳ ಪಟ್ಟಿಯಿದೆ. ಆ ಪಟ್ಟಿಯ ಅಪರಾಧಕ್ಕೆ ಶಿಕ್ಷೆ ಎಷ್ಟೇ ಸಣ್ಣದಿರಲಿ, ಬರೀ ದಂಡವೇ ಆಗಿರಲಿ, ತೀರ್ಪಿನ ದಿನದಿಂದ ಆರು ವರ್ಷ ಅನರ್ಹತೆ. ಜೈಲಾದರೆ ಜೈಲಿನ ಅವಧಿ, ಅದರ ಮೇಲೆ ಆರು ವರ್ಷ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ನಮ್ಮ ಮಾದಕ ವಸ್ತು ಕಾಯ್ದೆ, ಈ ಪಟ್ಟಿಯಲ್ಲಿದೆ. ಪಟ್ಟಿಯ ಬೇರೆ ಕೆಲವು ಕಾಯ್ದೆಗಳ ಮುಂದೆ ಇಂತಿಂಥ ಸೆಕ್ಷನ್ ಮಾತ್ರ ಎಂದು ನಮೂದಿಸಿದ್ದಾರೆ. ಕಸ್ಟಮ್ಸ್ ಕಾಯ್ದೆಯಲ್ಲಿ 11ನೆಯದು, ಕಾನೂನುಬಾಹಿರ ಚಟುವಟಿಕೆ ತಡೆಯುವ ಯುಎಪಿಎ ಕಾಯ್ದೆಯಲ್ಲಿ 10ರಿಂದ 12. ಎನ್‌ಡಿಪಿಎಸ್‌ಗೆ ಅಂಥ ಯಾವ ಗೆರೆಯನ್ನೂ ಎಳೆದಿಲ್ಲ. ಇಡೀ ಕಾಯ್ದೆ ಒಳಗೆ ಬಂದಿದೆ.

ಇದರ ಪರಿಣಾಮ ಏನೆಂದು ಬಿಡಿಸಿ ನೋಡಬೇಕು. ಎನ್‌ಡಿಪಿಎಸ್‌ನ 27ನೇ ಸೆಕ್ಷನ್ ಬರೀ ಸೇವನೆಯ ಅಪರಾಧ. ಕೊಕೇನ್, ಮಾರ್ಫಿನ್, ಹೆರಾಯಿನ್ ಆದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗಾಂಜಾದಂಥ ಉಳಿದವಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾಯ್ದೆಯ ಇನ್ನೊಂದು ತುದಿಯಲ್ಲಿ ವಾಣಿಜ್ಯ ಪ್ರಮಾಣದ ಸಾಗಾಟ, ಅದಕ್ಕೆ ಹತ್ತರಿಂದ ಇಪ್ಪತ್ತು ವರ್ಷ ಜೈಲು. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು 37 ಕಿಲೋಗೂ ಹೆಚ್ಚು ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತು ಹಿಡಿದು, ಅದರ ಬೆಲೆ 75 ಕೋಟಿ ರೂಪಾಯಿ ಎಂದಿದ್ದರು. ಎಂಡಿಎಂಎ 10 ಗ್ರಾಂ ದಾಟಿದರೇ ಕಾನೂನಿನ ಕಣ್ಣಿಗೆ ವಾಣಿಜ್ಯ ಪ್ರಮಾಣ. ಅಷ್ಟು ಮಾಲು ಸಾಗಿಸಿ ಶಿಕ್ಷೆಯಾದವನೂ, ಹಾಸ್ಟೆಲ್ ತಾರಸಿಯಲ್ಲಿ ಒಂದು ಗಾಂಜಾ ಬೀಡಿ ಸೇದಿ ಮೂರು ಸಾವಿರ ರೂಪಾಯಿ ದಂಡ ಕಟ್ಟಿದವನೂ ಚುನಾವಣೆಯ ಕಾನೂನಿಗೆ ಒಂದೇ ಸಾಲಿನವರು. ಅದೇ ಹೊತ್ತಿಗೆ ಒಬ್ಬನನ್ನು ಹೊಡೆದು ಕೈ ಮುರಿದು ಒಂದು ವರ್ಷ ಹನ್ನೊಂದು ತಿಂಗಳ ಶಿಕ್ಷೆ ಪಡೆದವನು, ಅದು ಎರಡು ವರ್ಷಕ್ಕೆ ಕಡಿಮೆಯಾದ್ದರಿಂದ, ನಾಮಪತ್ರ ಸಲ್ಲಿಸಬಹುದು.

ಲೆಕ್ಕ ಹಾಕಿ. 2023ರ ಜೂನ್‌ನಲ್ಲಿ ಮಣಿಪಾಲದ ಒಬ್ಬ ವಿದ್ಯಾರ್ಥಿನಿಗೆ 27ರ ಅಡಿ ದಂಡವಾಯಿತು ಎಂದಿಟ್ಟುಕೊಳ್ಳೋಣ. 2029ರ ಜೂನ್ ತನಕ ಆಕೆ ಅನರ್ಹಳು. ರಾಜ್ಯದ ಹಿಂದಿನ ವಿಧಾನಸಭಾ ಚುನಾವಣೆ 2023ರ ಮೇ 10ರಂದು ನಡೆಯಿತು, ಮುಂದಿನದು 2028ಕ್ಕೆ. ಅದು ಆಕೆಗೆ ತಪ್ಪಿತು. ಪಂಚಾಯಿತಿಗಾದರೂ ನಿಲ್ಲುತ್ತೇನೆ ಎನ್ನುವಂತೆಯೂ ಇಲ್ಲ. ವಿಧಾನಸಭೆಗೆ ಅನರ್ಹರಾದವರು ಪಂಚಾಯಿತಿಗೂ ಅನರ್ಹರು ಎಂದು ಸಂವಿಧಾನದ 243ಎಫ್ ವಿಧಿ ಹೇಳುತ್ತದೆ, ನಗರಸಭೆ ಪಾಲಿಕೆಗಳಿಗೆ 243ವಿ ಅದನ್ನೇ ಹೇಳುತ್ತದೆ. ಹದಿನೆಂಟು ತುಂಬುವ ಮೊದಲು ನಡೆದ ಪ್ರಕರಣಕ್ಕೆ ಮಾತ್ರ ರಕ್ಷೆಯಿದೆ: 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಬಾಲಕರಿಗೆ ಅಂಥ ತೀರ್ಪಿನಿಂದ ಅನರ್ಹತೆ ತಟ್ಟುವುದಿಲ್ಲ.

ಇಲ್ಲಿ ಇನ್ನೊಂದು ವಿಚಿತ್ರವಿದೆ. ಎನ್‌ಡಿಪಿಎಸ್‌ನ 64ಎ ಸೆಕ್ಷನ್ ವ್ಯಸನಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಮಧ್ಯದಲ್ಲೇ ಬಿಟ್ಟರೆ ರಕ್ಷೆ ಹಿಂದಕ್ಕೆ ಹೋಗಬಹುದು. 39ನೇ ಸೆಕ್ಷನ್ ಕೂಡ, ತಪ್ಪಿತಸ್ಥನೆಂದು ಕಂಡ ವ್ಯಸನಿಯನ್ನು ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಒಳ್ಳೆಯ ಏರ್ಪಾಡು. ಆದರೆ ಎರಡೂ ಕಡೆ ‘ವ್ಯಸನಿ’ ಎಂದರೆ ಮಾದಕ ವಸ್ತುವಿಗೆ ಅಂಟಿಕೊಂಡವನು. ಕುತೂಹಲಕ್ಕೆ ಒಂದೆರಡು ಸಲ ಸೇದಿದ ಹುಡುಗ ಆ ಅರ್ಥದಲ್ಲಿ ವ್ಯಸನಿಯೇ ಅಲ್ಲ, ಹಾಗಾಗಿ ಆ ಬಾಗಿಲು ಅವನಿಗೆ ತೆರೆಯುವುದಿಲ್ಲ. ಹತ್ತು ವರ್ಷ ಹೆರಾಯಿನ್ ಚುಚ್ಚಿಕೊಂಡು ಚಿಕಿತ್ಸೆ ಪಡೆದವರ ದಾಖಲೆ ಸ್ವಚ್ಛವಾಗಿ ಉಳಿಯಬಹುದು, ಒಮ್ಮೆ ಸೇದಿದವನದು ಉಳಿಯದೇ ಹೋಗಬಹುದು.

ಇದು ಹೇಗೆ ಕೆಡುತ್ತದೆ ಎಂಬುದನ್ನು ಕಾಲೇಜು ಮಕ್ಕಳ ತಂದೆತಾಯಿ ತಿಳಿದಿರಬೇಕು. ಸೇವನೆ ಪ್ರಕರಣದಲ್ಲಿ ಸಿಕ್ಕಿಬಿದ್ದ ಹುಡುಗನಿಗೆ ಎಲ್ಲರೂ ಹೇಳುವ ಮಾತು ಒಂದೇ: ‘ತಪ್ಪು ಒಪ್ಪಿಕೋ, ದಂಡ ಕಟ್ಟು, ಕೇಸು ಅಲ್ಲಿಗೆ ಮುಗಿಯುತ್ತದೆ’. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡರೆ ಅಂದೇ ತೀರ್ಪು, ಅಂದೇ ದಂಡ, ಅಂದೇ ಮನೆಗೆ. ಟ್ರಾಫಿಕ್ ದಂಡ ಕಟ್ಟಿದಷ್ಟೇ ಸಲೀಸು ಎನಿಸುತ್ತದೆ. ಆದರೆ ತಪ್ಪೊಪ್ಪಿಗೆಯ ಮೇಲೆ ಬಂದ ತೀರ್ಪೂ ಪೂರ್ಣ ಪ್ರಮಾಣದ ಅಪರಾಧ ನಿರ್ಣಯವೇ. ಆರು ವರ್ಷದ ಅನರ್ಹತೆ ಆ ಕ್ಷಣದಿಂದ ಓಡತೊಡಗುತ್ತದೆ. ಅನರ್ಹತೆ ಮುಗಿದ ಮೇಲೂ, ಮುಂದೆಂದಾದರೂ ನಾಮಪತ್ರ ಸಲ್ಲಿಸಿದರೆ ಅದನ್ನು ಪ್ರಮಾಣಪತ್ರದಲ್ಲಿ ಬರೆಯಲೇಬೇಕು. ವಕೀಲರು ಕೇಳಬೇಕಾದ ಸಂಗತಿ ಬೇರೆ. ಎನ್‌ಡಿಪಿಎಸ್‌ನಲ್ಲಿ ಹದಿನೆಂಟು ದಾಟಿದವರಿಗೆ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಬಹುತೇಕ ಅನ್ವಯಿಸುವುದಿಲ್ಲ, ಆದರೆ 27ನೇ ಸೆಕ್ಷನ್‌ಗೆ ಅನ್ವಯಿಸುತ್ತದೆ ಎಂದು 33ನೇ ಸೆಕ್ಷನ್ ಬಿಡಿಸಿ ಹೇಳಿದೆ. ಆ ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್, ಎಚ್ಚರಿಕೆ ಕೊಟ್ಟು ಅಥವಾ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವರಿಗೆ ಆ ತೀರ್ಪಿನಿಂದ ಬರುವ ಅನರ್ಹತೆ ತಟ್ಟದು ಎನ್ನುತ್ತದೆ. ಈ ಎರಡು ಸೆಕ್ಷನ್‌ಗಳನ್ನು ನ್ಯಾಯಾಲಯದ ಗಮನಕ್ಕೆ ತರದೆ ದಂಡ ಕಟ್ಟಿಸಿ ಕರೆತರುವುದು ಇಪ್ಪತ್ತರ ಹುಡುಗನಿಗೆ ಮಾಡುವ ಉಪಕಾರವಲ್ಲ. ಖಾಸಗಿ ವಕೀಲರ ಶುಲ್ಕ ಕೈಗೆಟುಕದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು.

ಇನ್ನು ಮತದಾರನ ಕೈಗೆ ಸಿಗುವ ಕಾಗದಕ್ಕೆ ಬರೋಣ. ಸುಪ್ರೀಂ ಕೋರ್ಟ್‌ನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸಬೇಕು. ಜನ ಸಾಮಾನ್ಯವಾಗಿ ಆಸ್ತಿಯ ಪುಟಕ್ಕೆ ಹಾರುತ್ತಾರೆ, ಕಾರು ಚಿನ್ನ ಎಣಿಸುತ್ತಾರೆ. ಅಪರಾಧದ ಕಾಲಂಗಳು ಅದಕ್ಕಿಂತ ಮೊದಲೇ ಬರುತ್ತವೆ: 5ನೆಯದು ಬಾಕಿ ಇರುವ ಪ್ರಕರಣ, 6ನೆಯದು ಶಿಕ್ಷೆಯಾದ ಪ್ರಕರಣ. ಎಫ್‌ಐಆರ್ ಸಂಖ್ಯೆ, ಠಾಣೆ, ನ್ಯಾಯಾಲಯ, ಸೆಕ್ಷನ್, ಆರೋಪ ನಿಗದಿಯಾಗಿದೆಯೇ ಎಂಬುದು ಅಲ್ಲಿ ಇರಬೇಕು. ಕಾಲಂ ಖಾಲಿ ಬಿಡುವಂತಿಲ್ಲ, ಇಲ್ಲದಿದ್ದರೆ ಇಲ್ಲ ಎಂದು ಬರೆಯಬೇಕು. ಖುಲಾಸೆಯಾದ ಪ್ರಕರಣ ಅಲ್ಲಿ ಬರುವುದಿಲ್ಲ. ಯಾವತ್ತೂ ಸಿಕ್ಕಿಬೀಳದ ಸೇವನೆಯೂ ಬರುವುದಿಲ್ಲ.

ಸೆಕ್ಷನ್‌ಗಳನ್ನು ಓದುವ ಬಗೆ ಹೀಗೆ. ಎನ್‌ಡಿಪಿಎಸ್ ಪ್ರಕರಣಗಳಲ್ಲಿ 8(ಸಿ) ಎಂಬುದು ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ, ಅದು ಸಾಮಾನ್ಯ ನಿಷೇಧ, ಅದರಿಂದ ಏನೂ ತಿಳಿಯದು. 27 ಒಂದೇ ಇದ್ದರೆ ಸೇವನೆ. 20 ಎಂದರೆ ಗಾಂಜಾ ಚರಸ್, 21 ಎಂದರೆ ಹೆರಾಯಿನ್ ಕೊಕೇನ್, 22 ಎಂದರೆ ಎಂಡಿಎಂಎ ಎಲ್‌ಎಸ್‌ಡಿಯಂಥವು. ಇವುಗಳ ಕೊನೆಯ ಅಕ್ಷರ ಪ್ರಮಾಣವನ್ನು ಹೇಳುತ್ತದೆ: ಎ ಇದ್ದರೆ ಸಣ್ಣ, ಬಿ ಇದ್ದರೆ ನಡುವಿನದು, ಸಿ ಇದ್ದರೆ ವಾಣಿಜ್ಯ. ಕೇಂದ್ರ ಸರ್ಕಾರ 2001ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಗಾಂಜಾಕ್ಕೆ ಸಣ್ಣದು 1 ಕಿಲೋವರೆಗೆ, ವಾಣಿಜ್ಯ 20 ಕಿಲೋ ದಾಟಿದ್ದು. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಪ್ರಕರಣ ಯಾವ ನ್ಯಾಯಾಲಯದಲ್ಲಿದೆ ಎಂಬುದೂ ಒಂದು ಸುಳಿವು. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಎನ್‌ಡಿಪಿಎಸ್ ಅಪರಾಧ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ, ಸೇವನೆ ಮತ್ತು ಸಣ್ಣ ಪ್ರಮಾಣದ್ದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲೇ ಮುಗಿಯಬಹುದು.

ಇಲ್ಲೊಂದು ಎಚ್ಚರಿಕೆ. ‘ಸಣ್ಣ ಪ್ರಮಾಣ’ ಎಂದೊಡನೆ ಸ್ವಂತಕ್ಕೆ ಇಟ್ಟುಕೊಂಡದ್ದು ಎಂದು ತಿಳಿಯಬೇಡಿ. 900 ಗ್ರಾಂ ಗಾಂಜಾವನ್ನು ಪುಟ್ಟ ಪೊಟ್ಟಣ ಕಟ್ಟಿ ಕಾಲೇಜು ಗೇಟಿನ ಹೊರಗೆ ಮಾರುತ್ತಿದ್ದವನೂ ತೂಕದ ಲೆಕ್ಕದಲ್ಲಿ ಸಣ್ಣ ಪ್ರಮಾಣದವನೇ. ಹಾಗಾಗಿ ಸೆಕ್ಷನ್ ನೋಡಿ ನಿಲ್ಲಬಾರದು, ಎಫ್‌ಐಆರ್ ತೆಗೆದು ಓದಬೇಕು. 2016ರ ಸುಪ್ರೀಂ ಕೋರ್ಟ್ ಆದೇಶದಿಂದ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಜಾಲತಾಣಕ್ಕೆ ಹಾಕಬೇಕು. ಇ–ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಕೊಟ್ಟರೆ ಪ್ರಕರಣ ಎಲ್ಲಿಗೆ ಬಂದಿದೆ, ತೀರ್ಪೇನು ಎಂಬುದು ಸಿಗುತ್ತದೆ. ಎಫ್‌ಐಆರ್‌ನಲ್ಲಿ ತೂಕದ ಯಂತ್ರ, ಖಾಲಿ ಪ್ಲಾಸ್ಟಿಕ್ ಪೊಟ್ಟಣ, ಕಟ್ಟು ಕಟ್ಟು ನಗದು, ಹಲವು ಮೊಬೈಲ್ ವಶಪಡಿಸಿಕೊಂಡ ವಿವರ ಇದ್ದರೆ ಅದು ಮಾರಾಟದ ವಾಸನೆ. ಆರೋಪ ಆರೋಪವೇ, ಸಾಬೀತಾಗುವ ತನಕ ಯಾರೂ ಅಪರಾಧಿಯಲ್ಲ. ಆದರೆ ಮತ ಹಾಕುವವರು ನ್ಯಾಯಾಧೀಶರ ಪೀಠದಲ್ಲಿ ಕೂತಿಲ್ಲ, ಸಂಶಯದ ಲಾಭವನ್ನು ಅಭ್ಯರ್ಥಿಗೇ ಕೊಡಬೇಕೆಂಬ ಕಟ್ಟುಪಾಡು ಅವರಿಗಿಲ್ಲ.

ನಮ್ಮ ಮಟ್ಟಿಗೆ ಅತಿ ಗಂಭೀರವಾದವು 25, 27ಎ ಮತ್ತು 29. 27ಎ ಅಕ್ರಮ ಸಾಗಾಟಕ್ಕೆ ಹಣ ಹೂಡುವುದು ಮತ್ತು ಅದರಲ್ಲಿ ತೊಡಗಿದವರಿಗೆ ಆಶ್ರಯ ಕೊಡುವುದು. 29 ಒಳಸಂಚು, ಕುಮ್ಮಕ್ಕು. 25ನ್ನು ಕರಾವಳಿಯ ಮತದಾರರು ಎರಡು ಸಲ ಓದಬೇಕು: ತನ್ನ ಮನೆ, ಕೋಣೆ, ಕಟ್ಟಡ, ವಾಹನವನ್ನು ಮಾದಕ ವಸ್ತು ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಡುವುದು. ಕಡಲತೀರದ ರೆಸಾರ್ಟ್, ಹೋಂಸ್ಟೇ, ಲಾಡ್ಜ್, ವಿದ್ಯಾರ್ಥಿಗಳ ಪಿಜಿಗಳಿಂದ ದುಡಿಯುವವರು ರಾಜಕೀಯಕ್ಕೂ ಬರುವ ಊರು ನಮ್ಮದು. ಇಪ್ಪತ್ತನೇ ವಯಸ್ಸಿನಲ್ಲಿ ಸೇದಿದ್ದಕ್ಕಿಂತ, ನಲವತ್ತರಲ್ಲಿ ತನ್ನ ಕಟ್ಟಡದೊಳಗೆ ನಡೆಯುವ ವ್ಯಾಪಾರಕ್ಕೆ ಬೆನ್ನು ತಿರುಗಿಸಿ ನಿಂತದ್ದು ಆತನ ಯೋಗ್ಯತೆಯನ್ನು ನೂರು ಪಟ್ಟು ಸ್ಪಷ್ಟವಾಗಿ ಹೇಳುತ್ತದೆ.

ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಎಲ್ಲ ಅಭ್ಯರ್ಥಿಗಳಿಗೂ ಡ್ರಗ್ ಟೆಸ್ಟ್ ಮಾಡಿಸಿ ಎನ್ನುತ್ತಾರೆ. ಪಂಜಾಬ್‌ನಲ್ಲಿ 2018ರಲ್ಲಿ ಸರ್ಕಾರಿ ನೌಕರರಿಗೆ ಅಂಥ ಪರೀಕ್ಷೆ ಕಡ್ಡಾಯ ಮಾಡಲು ಹೊರಟಾಗ ರಾಜಕಾರಣಿಗಳೂ ಪೈಪೋಟಿಯಲ್ಲಿ ಮೂತ್ರದ ಮಾದರಿ ಕೊಡಲು ಸಾಲುಗಟ್ಟಿದರು. ಕೇಳಲು ಚೆನ್ನಾಗಿದೆ, ಉಪಯೋಗವಿಲ್ಲ. ಮೂತ್ರದಲ್ಲಿ ಗಾಂಜಾದ ಅಂಶ ಒಮ್ಮೆ ಸೇದಿದವರಲ್ಲಿ ಮೂರು ದಿನದ ಆಸುಪಾಸು, ದಿನವೂ ಸೇದುವವರಲ್ಲಿ ಒಂದು ತಿಂಗಳವರೆಗೂ ಸಿಗಬಹುದು. ಕೊಕೇನ್, ಎಂಡಿಎಂಎ ಎರಡರಿಂದ ನಾಲ್ಕು ದಿನ. ಅಂದರೆ ಹೆಚ್ಚು ಅಪಾಯದ ವಸ್ತು ಬೇಗ ಮಾಯ, ಗಾಂಜಾ ಮಾತ್ರ ನಿಧಾನ. ದಿನಾಂಕ ಮೊದಲೇ ಗೊತ್ತಿರುವ ಪರೀಕ್ಷೆಯಲ್ಲಿ ಕೊಕೇನ್ ಬಳಸುವವರು ಒಂದು ವಾರ ತಡೆದರೆ ಪಾಸು. ಹತ್ತು ವರ್ಷ ಹಿಂದಿನದನ್ನು ಯಾವ ಮೂತ್ರ ಪರೀಕ್ಷೆಯೂ ಹೇಳುವುದಿಲ್ಲ.

ಸುಳ್ಳು ಫಲಿತಾಂಶದ ತೊಂದರೆ ಬೇರೆ. ಠಾಣೆಯಲ್ಲಿ, ಕಾಲೇಜಿನಲ್ಲಿ ಬಳಸುವ ಕಿಟ್ ಪ್ರಾಥಮಿಕ ಪರೀಕ್ಷೆ ಮಾತ್ರ. ಕೆಲವು ನೆಗಡಿ ಮಾತ್ರೆಗಳು ಆಂಫೆಟಮಿನ್ ಎಂದು ತೋರಿಸಬಹುದು, ಕೋಡೀನ್ ಇರುವ ಕೆಮ್ಮಿನ ಸಿರಪ್ ಅಫೀಮಿನ ಗೆರೆ ಮೂಡಿಸುತ್ತದೆ. ನಮ್ಮ ಕಡೆಯ ಗಸಗಸೆ ಪಾಯಸವೂ ಅಷ್ಟೇ: ಗಸಗಸೆಯಲ್ಲಿ ಉಳಿದಿರುವ ಮಾರ್ಫಿನ್ ಅಂಶ ಮೂತ್ರಕ್ಕೆ ಬರುತ್ತದೆ. ಅಮೆರಿಕದ ಕೇಂದ್ರ ನೌಕರರ ಪರೀಕ್ಷೆಯಲ್ಲಿ ಅಫೀಮಿನ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ 1998ರಲ್ಲಿ ಏರಿಸಿದ್ದೂ ಮುಖ್ಯವಾಗಿ ಈ ಗಸಗಸೆಯ ಕಾಟಕ್ಕೆ. ಕಿಟ್‌ನ ಫಲಿತಾಂಶವನ್ನು ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ದೃಢಪಡಿಸದೆ ಯಾರ ಹೆಸರನ್ನೂ ಹೊರಗೆ ಹೇಳಬಾರದು. ಇಂಥ ಪರೀಕ್ಷೆಯನ್ನು ಕಡ್ಡಾಯ ಮಾಡಿದ ಕಾನೂನುಗಳು ಹೊರದೇಶದಲ್ಲಿ ಬಿದ್ದೂ ಹೋಗಿವೆ. ಜಾರ್ಜಿಯಾ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ ರದ್ದು ಮಾಡಿತು. ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ 2008ರಲ್ಲಿ, ಸಂವಿಧಾನ ಹೇಳದ ಹೊಸ ಅರ್ಹತೆಯನ್ನು ಸೆನೆಟ್ ಅಭ್ಯರ್ಥಿಗಳ ಮೇಲೆ ಹೇರುವಂತಿಲ್ಲ ಎಂದಿತು.

ಈಗಲೂ ವ್ಯಸನವಿದೆಯೇ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಮನೋವೈದ್ಯರು ಬಳಸುವ ಡಿಎಸ್‌ಎಂ–5 ಕೈಪಿಡಿಯಲ್ಲಿ ಇದಕ್ಕೆ 11 ಲಕ್ಷಣಗಳ ಪಟ್ಟಿಯಿದೆ. 12 ತಿಂಗಳೊಳಗೆ ಎರಡಾದರೂ ಕಂಡರೆ ಸಮಸ್ಯೆ, ಆರು ಅಥವಾ ಹೆಚ್ಚು ಕಂಡರೆ ತೀವ್ರ. ಚಪಲ ಒಂದನ್ನು ಬಿಟ್ಟು ಬೇರಾವ ಲಕ್ಷಣವೂ ಇಲ್ಲದೆ 12 ತಿಂಗಳು ಕಳೆದರೆ ಅದನ್ನು ಸ್ಥಿರವಾದ ಚೇತರಿಕೆ ಎನ್ನುತ್ತಾರೆ. ಐದು ವರ್ಷದಿಂದ ದೂರವಿರುವವರ ಬಗ್ಗೆ ‘ಮತ್ತೆ ಶುರುಮಾಡಿದರೆ?’ ಎಂದು ಅಂಜುವುದಾದರೆ, ದಿನವೂ ಸಂಜೆ ಕುಡಿಯುವ ನಾಯಕರ ಬಗ್ಗೆ ಆ ಅಂಜಿಕೆ ಏಕಿಲ್ಲ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿ 2019ರಲ್ಲಿ ಪ್ರಕಟವಾದ ಸಮೀಕ್ಷೆ, ದೇಶದಲ್ಲಿ ಮದ್ಯ ಬಳಸುವವರು ಶೇ 14.6, ಭಂಗಿ ಗಾಂಜಾ ಚರಸ್ ಎಲ್ಲ ಸೇರಿ ಬಳಸುವವರು ಶೇ 2.8 ಎಂದಿದೆ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಮದ್ಯ ಮಾರಾಟ ನಿಲ್ಲಿಸಬೇಕೆಂದು ಕಾನೂನೇ ಮಾಡಬೇಕಾಗಿ ಬಂದ ದೇಶ ನಮ್ಮದು.

ಈ ವಿಷಯದಲ್ಲಿ ಕರಾವಳಿಗೆ ಬೇರೆಯವರಿಂದ ಕಲಿಯುವ ಅಗತ್ಯವೇ ಇಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೋಡದ ತಾಲ್ಲೂಕು ಇಲ್ಲಿಲ್ಲ. ಎಂಟು ದಿನದ ಶಿಬಿರ, ಆಮೇಲೆ ನವಜೀವನ ಸಮಿತಿ, ನೂರು ದಿನ ಕುಡಿಯದೆ ಉಳಿದವರಿಗೆ ಶತದಿನೋತ್ಸವ. ಬಿಟ್ಟವರನ್ನು ಹೆಂಡತಿ ಮಕ್ಕಳೊಂದಿಗೆ ವೇದಿಕೆಗೆ ಕರೆಯುತ್ತಾರೆ, ಊರಿನವರು ಹೆಮ್ಮೆಪಡುತ್ತಾರೆ. ಹಾಗೆ ಬಿಟ್ಟವರು ಪಂಚಾಯಿತಿಗೆ ನಿಂತರೆ ಅದು ಅವರ ಬಲ. ಮಾದಕ ವಸ್ತು ಬಿಟ್ಟವರಿಗೆ ಆ ವೇದಿಕೆ ಇಲ್ಲ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಂಥ ಕಡೆ ಚಿಕಿತ್ಸೆ ಪಡೆದವರು ಅದನ್ನು ನೆಂಟರಿಂದಲೂ ಮುಚ್ಚಿಡುತ್ತಾರೆ. ಮುಚ್ಚಿಡುವ ಹಕ್ಕೂ ಅವರಿಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತು ವ್ಯಸನದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ, ಅದರ 23ನೇ ಸೆಕ್ಷನ್ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿಸಿದೆ. ಅಭ್ಯರ್ಥಿಯ ಆಸ್ಪತ್ರೆ ಚೀಟಿ ಪ್ರಚಾರದ ನಡುವೆ ಹರಿದಾಡಿದರೆ, ತಪ್ಪು ಅದನ್ನು ಹರಿಯಬಿಟ್ಟವರದು.

ಹೊರಗಿನ ಉದಾಹರಣೆಗಳಲ್ಲಿ ಕಲಿಯಲು ಒಂದೆರಡಿವೆ. ವಾಷಿಂಗ್ಟನ್ ನಗರದ ಮೇಯರ್ ಮರಿಯನ್ ಬ್ಯಾರಿ 1990ರಲ್ಲಿ ಕ್ರ್ಯಾಕ್ ಕೊಕೇನ್ ಪ್ರಕರಣದಲ್ಲಿ ಸಿಕ್ಕಿಬಿದ್ದು ಆರು ತಿಂಗಳ ಶಿಕ್ಷೆ ಪಡೆದರು, 1994ರಲ್ಲಿ ಜನ ಮತ್ತೆ ಅವರನ್ನೇ ಮೇಯರ್ ಮಾಡಿದರು. ಟೊರಾಂಟೊ ಮೇಯರ್ ರಾಬ್ ಫೋರ್ಡ್ ಕ್ರ್ಯಾಕ್ ಸೇದಿದ್ದನ್ನು ತಿಂಗಳುಗಟ್ಟಲೆ ನಿರಾಕರಿಸಿ 2013ರ ನವೆಂಬರ್‌ನಲ್ಲಿ ಒಪ್ಪಿಕೊಂಡರು, ಅದು ಅಧಿಕಾರದಲ್ಲಿ ಇದ್ದಾಗಲೇ ನಡೆದ ಸೇವನೆ. ಇಬ್ಬರದೂ ಹಳೆಯ ನಶೆಯಲ್ಲ, ಕುರ್ಚಿಯಲ್ಲಿ ಕೂತಿದ್ದಾಗಿನ ನಶೆ. ಅದನ್ನು ಕಾಲೇಜು ದಿನಗಳ ಗಾಂಜಾದೊಂದಿಗೆ ತೂಗಲಾಗದು. ಬ್ರಿಟನ್ನಿನ ಮೈಕೆಲ್ ಗೋವ್ ಅವರ ವಿಷಯ ಇನ್ನೂ ಮುಖ್ಯ. ಪ್ರಧಾನಿಯಾಗುವ ಸ್ಪರ್ಧೆಯಲ್ಲಿದ್ದ ಅವರು, ಪತ್ರಕರ್ತನಾಗಿದ್ದಾಗ ಕೊಕೇನ್ ಬಳಸಿದ್ದೆ ಎಂದು 2019ರಲ್ಲಿ ಒಪ್ಪಿಕೊಂಡರು. ಅವರನ್ನು ಕುಟುಕಿದ್ದು ಆ ಕೊಕೇನ್‌ಗಿಂತ ಹೆಚ್ಚಾಗಿ, ಅವರು ಶಿಕ್ಷಣ ಸಚಿವರಾಗಿದ್ದಾಗ ಅಂಥ ಅಪರಾಧದಲ್ಲಿ ಸಿಕ್ಕಿಬಿದ್ದ ಶಿಕ್ಷಕರ ವೃತ್ತಿಗೇ ಕುತ್ತು ತರುವ ನಿಯಮವಿದ್ದದ್ದು. ತನಗೆ ಸಿಕ್ಕ ಎರಡನೇ ಅವಕಾಶವನ್ನು ಮತ್ತೊಬ್ಬರಿಗೆ ಕೊಡದವರು ಅಧಿಕಾರಕ್ಕೆ ಬಂದರೆ ಏನಾಗುತ್ತದೆ ಎಂಬುದು ನಾವೂ ಕೇಳಬೇಕಾದ ಪ್ರಶ್ನೆ.

ಆದ್ದರಿಂದ ಮನೆಯ ಜಗಲಿಗೆ ಕೈಮುಗಿದು ಬಂದ ಅಭ್ಯರ್ಥಿಯನ್ನು ‘ನೀವು ಯಾವಾಗಲಾದರೂ ಸೇದಿದ್ದೀರಾ?’ ಎಂದು ಕೇಳಿ ಪ್ರಯೋಜನವಿಲ್ಲ, ಇಲ್ಲ ಎನ್ನುತ್ತಾರೆ. ‘ಅಣ್ಣಾ, ನಮ್ಮ ವಾರ್ಡಿನ ಹುಡುಗನೊಬ್ಬ ಗಾಂಜಾ ಸೇವನೆಯಲ್ಲಿ ಸಿಕ್ಕಿಬಿದ್ದು, ಅವನ ತಾಯಿ ನಿಮ್ಮ ಹತ್ತಿರ ಬಂದರೆ ಏನು ಮಾಡುತ್ತೀರಿ?’ ಎಂದು ಕೇಳಿ. ಠಾಣೆಗೆ ಫೋನ್ ಮಾಡಿ ಬಿಡಿಸುತ್ತೇನೆ ಎನ್ನುವವರು ನಾಳೆ ಮಾರುವವನನ್ನೂ ಬಿಡಿಸಬಲ್ಲರು. ಅಂಥವರನ್ನು ಒದ್ದು ಒಳಗೆ ಹಾಕಬೇಕು ಎನ್ನುವವರಿಗೆ 64ಎ ಗೊತ್ತಿಲ್ಲ. ಒಳ್ಳೆಯ ವಕೀಲರನ್ನು ತೋರಿಸುತ್ತೇನೆ, ವೆನ್ಲಾಕ್‌ಗೋ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಜೊತೆಗೆ ಹೋಗುತ್ತೇನೆ, 14446 ವ್ಯಸನಮುಕ್ತಿ ಸಹಾಯವಾಣಿಯ ನಂಬರ್ ಕೊಡುತ್ತೇನೆ, ಅವನಿಗೆ ಮಾಲು ಕೊಟ್ಟವನ ಬೆನ್ನು ಹತ್ತಲು ಪೊಲೀಸರಿಗೆ ಹೇಳುತ್ತೇನೆ ಎನ್ನುವವರ ಹಳೆಯ ಕಥೆ ಏನೇ ಇರಲಿ, ಅವರಿಗೆ ವಿಷಯ ಗೊತ್ತಿದೆ.

ಗಾಳಿಮಾತಿನ ಬಗ್ಗೆಯೂ ಹೇಳಬೇಕು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ಗಾಂಜಾ ಪ್ರಕರಣದಲ್ಲಿ ಬಂಧಿತರಾದಾಗ ಹೆಸರುಗಳು ಎಷ್ಟು ವೇಗವಾಗಿ ಊರೆಲ್ಲ ಹರಡಿದವು ಎಂಬುದು ನೆನಪಿರಬಹುದು. ಚುನಾವಣೆಯಲ್ಲಿ ಆ ವೇಗ ಇನ್ನೂ ಹೆಚ್ಚು. ಅಭ್ಯರ್ಥಿಯ ಖಾಸಗಿ ನಡತೆಯ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಪ್ರಕಟಿಸುವುದು ಜನತಾ ಪ್ರಾತಿನಿಧ್ಯ ಕಾಯ್ದೆಯ 123(4)ರಲ್ಲಿ ಭ್ರಷ್ಟ ಆಚರಣೆ. ಎದುರಾಳಿ ಅಭ್ಯರ್ಥಿ ಅಥವಾ ಆತನ ಏಜೆಂಟ್, ಇಲ್ಲವೇ ಅವರ ಒಪ್ಪಿಗೆಯಿಂದ ಬೇರೆಯವರು ಅದನ್ನು ಮಾಡಿದ್ದು ಸಾಬೀತಾದರೆ ಗೆದ್ದ ಚುನಾವಣೆಯೇ ಅಸಿಂಧು. ಅರ್ಜಿಯನ್ನು ಫಲಿತಾಂಶದ 45 ದಿನದೊಳಗೆ ಹೈಕೋರ್ಟ್‌ಗೆ ಹಾಕಬೇಕು. ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಇದೇ ಕೃತ್ಯಕ್ಕೆ ದಂಡ ವಿಧಿಸುತ್ತದೆ.

ಸುಳ್ಳು ಅಭ್ಯರ್ಥಿಯದ್ದೇ ಆಗಿದ್ದರೆ? ಪ್ರಮಾಣಪತ್ರದಲ್ಲಿ ಪ್ರಕರಣ ಮುಚ್ಚಿಟ್ಟರೆ ಜನತಾ ಪ್ರಾತಿನಿಧ್ಯ ಕಾಯ್ದೆಯ 125ಎ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 8(1)ರ ಪಟ್ಟಿಯಲ್ಲಿ ಈ 125ಎ ಇಲ್ಲ, ಎಂದರೆ ಅದರಡಿ ಶಿಕ್ಷೆಯಾದರೂ ಅಷ್ಟರಿಂದಲೇ ಅನರ್ಹತೆ ಬರುವುದಿಲ್ಲ. ಅಪರಾಧ ಹಿನ್ನೆಲೆ ಮುಚ್ಚಿಡುವುದು ಮತದಾರರ ಮೇಲೆ ಅನುಚಿತ ಪ್ರಭಾವ ಬೀರಿದಂತೆ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದರಿಂದ ಚುನಾವಣೆಯನ್ನು ಪ್ರಶ್ನಿಸುವ ದಾರಿ ಇದೆ, ಆದರೆ ಅದಕ್ಕೆ ಯಾರಾದರೂ ಹೈಕೋರ್ಟ್ ಮೆಟ್ಟಿಲು ಹತ್ತಬೇಕು. ಒಂದು ಬೀಡಿ ಗಾಂಜಾದ ದಂಡಕ್ಕೆ ಆರು ವರ್ಷ ತಾನಾಗಿಯೇ ಅನರ್ಹತೆ, ಪ್ರಮಾಣ ಮಾಡಿ ಊರಿಗೆಲ್ಲ ಸುಳ್ಳು ಹೇಳಿದ್ದಕ್ಕೆ ಅದಿಲ್ಲ. ಈ ತಲೆಕೆಳಗಾದ ತಕ್ಕಡಿ ನಮ್ಮನ್ನು ಕೆರಳಿಸುತ್ತದೆ.

ಅದನ್ನು ಸರಿಮಾಡುವುದು ಕಷ್ಟವೇನಲ್ಲ. 8(1)ರಲ್ಲಿ ಎನ್‌ಡಿಪಿಎಸ್ ಕಾಯ್ದೆಯ ಮುಂದೆ, 27ನೇ ಸೆಕ್ಷನ್ ಮತ್ತು ಮಾರಾಟವಲ್ಲದ ಸಣ್ಣ ಪ್ರಮಾಣದ ಅಪರಾಧ ಬಿಟ್ಟು ಎಂದು ಸೇರಿಸಿದರೆ ಸಾಕು, ಅವು ಎರಡು ವರ್ಷದ ಸಾಮಾನ್ಯ ನಿಯಮಕ್ಕೆ ಹೋಗುತ್ತವೆ. ಅದೇ ಪಟ್ಟಿಗೆ 125ಎ ಸೇರಿಸಿ ಶಿಕ್ಷೆಯನ್ನು ಹೆಚ್ಚಿಸಬೇಕು, ಕಾನೂನು ಆಯೋಗ 2014ರ ತನ್ನ 244ನೇ ವರದಿಯಲ್ಲಿ ಇದನ್ನು ಶಿಫಾರಸು ಮಾಡಿದೆ. ಈ ತಿದ್ದುಪಡಿ ಮಾಡಬೇಕಾದ್ದು ಸಂಸತ್ತು, ಶಾಸಕರ ಕೈಯಲ್ಲಿಲ್ಲ. ಹಾಗಾಗಿ ದಕ್ಷಿಣ ಕನ್ನಡಕ್ಕೂ ಉಡುಪಿ–ಚಿಕ್ಕಮಗಳೂರಿಗೂ ಲೋಕಸಭೆಗೆ ನಿಲ್ಲುವ ಪ್ರತಿಯೊಬ್ಬರಿಂದ ಇದರ ಬಗ್ಗೆ ಲಿಖಿತ ಉತ್ತರ ಪಡೆಯಬೇಕು, ಪ್ರಚಾರ ಶುರುವಾಗುವ ಮೊದಲೇ. ಕಾಲೇಜುಗಳ ಪೋಷಕರ ಸಂಘಗಳೂ ವಕೀಲರ ಸಂಘಗಳೂ ಒಟ್ಟಾಗಿ ಕೇಳಿದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಅವರಿಗೆ ಸುಲಭವಾಗದು.